ಉಸಿರು ಕಾದ ಡಾಕ್ಟರಿಗೆ, ಮತ್ತೆ ಉಳಿದೋರಿಗೆಲ್ಲ ಥ್ಯಾಂಕ್ಸ್

ಮಗಳ ಹಲ್ಲಿನ ಟ್ರೀಟ್‌ಮೆಂಟ್ ಅಂತೂ ಮುಗೀತು. ಆರಾಮಾಗಿದ್ದಾಳೆ, ಕಂಡೋರಿಗೆಲ್ಲ ಬಾಯಿ ತೆಗೆದು ಸ್ಟೀಲ್ ಕ್ಯಾಪ್ ತೋರಿಸ್ತಿದ್ದಾಳೆ. ವಿಚಾರಿಸಿದೋರಿಗೆ ಒಬ್ಬೊಬ್ರಿಗೇ ರಿಪ್ಲೈ ಮಾಡೋಕಾಗ್ಲಿಲ್ಲ, ಅದಕ್ಕೇ ಇಲ್ಲೇ ಒಟ್ಟಿಗೆ ಬರೀತಿದೀನಿ.

"ಹಾಲು ಹಲ್ಲು ತಾನೇ, ಬಿದ್ದೋಗತ್ತೆ ಬಿಡಿ" ಅಂತ ತುಂಬ ಜನ ಅಂದ್ರು. ಬೀಳತ್ತೆ, ಆದ್ರೆ ಹಿಂದಿನ ದವಡೆ ಹಲ್ಲು ಬೀಳೋದು 10-12 ವರ್ಷಕ್ಕೆ, ಅಲ್ಲಿವರೆಗೂ 4 ವರ್ಷದ ಮಗು ಕೀವು ನೋವು ಇಟ್ಕೊಂಡು ಇರಕ್ಕಾಗತ್ತಾ? ನಮ್ಮ ಡೆಂಟಿಸ್ಟ್ ಮೇಡಂ ಮೊದಲಿಗೇ ಸೆಡೇಶನ್, ಅಂದ್ರೆ ಔಷಧಿ ಕೊಟ್ಟು ಮಲಗಿಸೋದು, ಅನ್ಲಿಲ್ಲ. ಶುರುವಿನ ಹುಳುಕಾದ್ರೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಅನ್ನೋ ಔಷಧಿ ಹಚ್ಚಿ ನಿಲ್ಲಿಸಬಹುದು, ಹುಳುಕಿರೋ ಜಾಗ ಕಪ್ಪಗಾಗತ್ತೆ ಅಷ್ಟೇ ಅಂದ್ರು, ಭಯ ಕಮ್ಮಿ ಮಾಡೋ ಲಾಫಿಂಗ್ ಗ್ಯಾಸ್‌ಗೆ ಮಗು ಮಾಸ್ಕ್ ಹಾಕಿಸ್ಕೊಂಡು ಮೂಗಲ್ಲಿ ಉಸಿರಾಡ್ಕೊಂಡು ಕೂರಬೇಕು, ನಮ್ಮವಳು ಕೂರೋ ಪೈಕಿ ಅಲ್ಲ, ಹುಳುಕು ನರದವರೆಗೂ ಹೋಗಿತ್ತು ಬೇರೆ. ಡೀಪ್ ಸೆಡೇಶನ್ ಅಂತ ಆಮೇಲೆ ಡಿಸೈಡ್ ಆಗಿದ್ದು. ಡೇಟ್ ಕೊಟ್ಟ ಮೇಲೆ ಇವಳಿಗೆ ನೆಗಡಿ ಕೆಮ್ಮು ಬಂತು, ಮುಲಾಜಿಲ್ದೆ ಮುಂದಕ್ಕೆ ಹಾಕಿದ್ರು. ಶೀತ ಇದ್ದಾಗ ಗಂಟಲು ಕೆರಳಿ ಉಸಿರಿನ ದಾರಿ ಬಿಗಿದುಕೊಳ್ಳೋ ಚಾನ್ಸ್ ಜಾಸ್ತಿಯಂತೆ. ಆಗ ಸಿಟ್ಟು ಬಂತು, ಈಗ ಥ್ಯಾಂಕ್ಸ್ ಮೇಡಂ.

ಎಲ್ಲಕ್ಕಿಂತ ದೊಡ್ಡ ಥ್ಯಾಂಕ್ಸ್ ಅನಸ್ತೇಶಿಯಾ ಡಾಕ್ಟರಿಗೆ. ಹಲ್ಲಿನ ಕೆಲಸಕ್ಕೆ ಇವರು ಕೈ ಹಾಕಲ್ಲ, ಉಸಿರು ನೋಡ್ಕೊಳ್ಳೋದೊಂದೇ ಕೆಲಸ, ಮತ್ತೆ ಅದಕ್ಕೇ ಒಬ್ರು ಪೂರ್ತಿ ಬೇಕು. ಚಿಕ್ಕ ಮಕ್ಕಳಿಗೆ ಉಸಿರಿನ ದಾರಿ ಸಣ್ಣದು, ಬಾಯಿಗೆ ಹೋಲಿಸಿದ್ರೆ ನಾಲಿಗೆ ದೊಡ್ಡದು, ಡೆಂಟಿಸ್ಟ್ ನೀರು ಬಿಟ್ಕೊಂಡು ಕೆಲಸ ಮಾಡೋದೂ ಅದೇ ಬಾಯಲ್ಲಿ, ಮೇಲಿಂದ ಲೈಟಾಗಿ ಮಲಗಿಸೋಣ ಅಂತ ಕೊಟ್ಟ ಔಷಧಿಗೂ ಮಗು ಅಂದ್ಕೊಂಡಿದ್ದಕ್ಕಿಂತ ಆಳವಾದ ನಿದ್ದೆಗೆ ಜಾರಬಹುದು. ಬೆರಳಿಗೆ ಹಾಕೋ ಆಕ್ಸಿಜನ್ ಕ್ಲಿಪ್ ಒಂದೇ ಸಾಲಲ್ಲ, ಉಸಿರು ನಿಂತ್ರೂ ಅದು ಸ್ವಲ್ಪ ತಡವಾಗಿ ಹೇಳತ್ತೆ, ಉಸಿರಲ್ಲಿ ಬರೋ ಕಾರ್ಬನ್ ಡೈಆಕ್ಸೈಡ್ ಅಳೆಯೋ ಮಾನಿಟರ್ ತಕ್ಷಣ ತೋರ್ಸತ್ತೆ ಅಂತ ನಂಗೆ ಕೂತು ವಿವರಿಸಿದ್ರು. ರಾತ್ರಿ ಗೊರಕೆ ಹೊಡೀತಾಳಾ, ಟಾನ್ಸಿಲ್ ಇದ್ಯಾ, ಮನೇಲಿ ಯಾರಿಗಾದ್ರೂ ಅನಸ್ತೇಶಿಯಾದಿಂದ ತೊಂದ್ರೆ ಆಗಿತ್ತಾ ಅಂತೆಲ್ಲ ಕೇಳಿದ್ರು, ನಾನು ಹೇಳಿದ ತೂಕ ನಂಬದೆ ಅಲ್ಲೇ ತೂಕ ಮಾಡ್ಸಿದ್ರು, ಡೋಸ್ ಎಲ್ಲ ಕೆಜಿ ಲೆಕ್ಕದಲ್ಲೇ ಅಲ್ವಾ. ಇಷ್ಟೊಂದು ಅನುಮಾನ ಪಡೋ ಡಾಕ್ಟರೇ ಬೇಕು ನೋಡಿ.

ನಮ್ಮ ಅತ್ತೆಗೂ ಹೇಳ್ಲೇಬೇಕು. ಹಾಲಾದ್ರೆ 6 ಗಂಟೆ ಮುಂಚೆ, ಬರೀ ನೀರಾದ್ರೆ 2 ಗಂಟೆ ಮುಂಚೆ ನಿಲ್ಲಿಸಬೇಕಿತ್ತು, ಹೊಟ್ಟೇಲಿ ಏನಾದ್ರೂ ಇದ್ದು ವಾಂತಿಯಾದ್ರೆ ಶ್ವಾಸಕೋಶಕ್ಕೆ ಹೋಗಬಹುದು. ಬೆಳಿಗ್ಗೆ ಅವಳು ಮಾಡಿದ ರಂಪಕ್ಕೆ ನಾನಾಗಿದ್ರೆ ಕರಗ್ತಿದ್ನೋ ಏನೋ, ಅತ್ತೆ ಜಪ್ಪಯ್ಯ ಅನ್ಲಿಲ್ಲ.

ಎದ್ದ ಮೇಲೆ ಸುಮ್ಸುಮ್ನೆ ಅಳ್ತಾಳೆ, ಗಾಬರಿ ಆಗ್ಬೇಡಿ ಅಂತ ಮೊದಲೇ ಹೇಳಿಟ್ಟ, ಮರಗಟ್ಟಿದ ತುಟಿ ಕಚ್ಕೋತಾಳೆ ನೋಡ್ಕೊಳ್ಳಿ ಅಂತ ಹತ್ತು ಸಲ ಎಚ್ಚರಿಸಿದ ನರ್ಸ್‌ಗೂ ಥ್ಯಾಂಕ್ಸ್. ಕೊನೇದಾಗಿ ನನ್ನ ತಂಗಿಗೆ, ಕಾರಲ್ಲಿ ಮಗು ತೂಕಡಿಸಿ ತಲೆ ಮುಂದಕ್ಕೆ ಬಾಗಿದ್ರೆ ಉಸಿರಿಗೆ ಕಷ್ಟ ಅಂತ ದಾರಿ ಪೂರ್ತಿ ಪಕ್ಕದಲ್ಲಿ ತಿರುಗಿ ಕೂತು ಅವಳ ಗದ್ದ ಹಿಡ್ಕೊಂಡು ಬಂದ್ಲು. ಅವಳ ಕುತ್ತಿಗೆ ನೋವು ಇನ್ನೂ ಹೋಗಿಲ್ವಂತೆ, ಸಾರಿ ಕಣೇ.