ಕೇಳಿಸುವುದಿಲ್ಲ ಎಂದು ಬರೆದೆಯಲ್ಲ

ಕುಂಜಿಬೆಟ್ಟು, ಉಡುಪಿ

ಪ್ರೀತಿಯ ಅನಘಾ,

ನಿನ್ನ ಕಾಗದ ಸಿಕ್ಕಿತು. ಮನೆಯ ಸುದ್ದಿಯನ್ನೆಲ್ಲ ನಿನ್ನಪ್ಪ ಫೋನಿನಲ್ಲಿ ಹೇಳಿರುತ್ತಾನೆ, ಅದನ್ನು ಬಿಡುತ್ತೇನೆ. ನೀನು ಕೇಳಿದ್ದು ನಿನ್ನ ಬೇಸ್ ಗಿಟಾರಿನ ಪಿಕಪ್ ಬಗ್ಗೆ, ತಂತಿಯ ಕಂಪನ ಹಿಡಿದು ಆಂಪ್‌ಗೆ ಕಳಿಸುವ ಭಾಗದ ಬಗ್ಗೆ. ಜೋರು ಔಟ್‌ಪುಟ್‌ನ ಪಿಕಪ್ ತರಿಸಲಾ, ಇಲ್ಲ ಹೊಸದಾಗಿ ಹಾಕಿದ ಚಪ್ಪಟೆ ಸುತ್ತಿನ ಫ್ಲ್ಯಾಟ್‌ವೂಂಡ್ ತಂತಿಯನ್ನೇ ತೆಗೆದುಬಿಡಲಾ ಅಂತ. ಅದಕ್ಕೆ ಉತ್ತರ ಬರೆಯಲು ಕೂತರೆ ಕಣ್ಣು ಮತ್ತೆ ಮತ್ತೆ ನಿನ್ನ ಕೊನೆಯ ಸಾಲಿಗೇ ಹೋಗುತ್ತದೆ. "ಈ ತಂತಿ ಹಾಕಿದ ಮೇಲೆ ಬ್ಯಾಂಡಿನಲ್ಲಿ ನಾನು ಕೇಳಿಸುವುದೇ ಇಲ್ಲ. ನಾನು ನುಡಿಸುವುದು ನಿಲ್ಲಿಸಿದರೂ ಯಾರಿಗೂ ಗೊತ್ತಾಗಲಿಕ್ಕಿಲ್ಲ ದೊಡ್ಡಪ್ಪ."

ಮೊದಲ ಮಾತಿಗೆ ಮದ್ದು ಇದೆ. ಎರಡನೆಯದನ್ನು ಓದಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ ಮಾರಾಯ್ತಿ.

ಕೇಳಿಸುವುದಿಲ್ಲ ಎಂದು ನಿನಗೆ ಹೇಗೆ ಗೊತ್ತಾಯಿತು? ಗೆಳತಿ ಫೋನಿನಲ್ಲಿ ತೆಗೆದ ವಿಡಿಯೋ ನೋಡಿದೆ ಎಂದು ನೀನೇ ಬರೆದಿದ್ದೀಯಾ. ನಿನ್ನ ದಪ್ಪ 'ಇ' (E) ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ಕೆಳಗಿನ ಸ್ವರ ಫೋನಿನ ಸಣ್ಣ ಸ್ಪೀಕರಿನಿಂದ ಹೊರಗೆ ಬರುವುದೇ ಇಲ್ಲ. ಅದಕ್ಕಿಂತ ಎಷ್ಟೋ ಮೇಲಿನ ಉಪಸ್ವರಗಳು ಮಾತ್ರ ಕಿವಿಗೆ ಬೀಳುತ್ತವೆ, ಅವುಗಳಿಂದ ಕೆಳಗಿನ ಸ್ವರ ಯಾವುದು ಎಂದು ಕಿವಿ ತಾನೇ ಅಂದಾಜು ಮಾಡಿಕೊಳ್ಳುತ್ತದೆ. ನೀನು ಮೊದಲು ಹಾಕಿದ್ದ ರೌಂಡ್‌ವೂಂಡ್ ತಂತಿಗೆ ದುಂಡಗಿನ ಸರಿಗೆ ಸುತ್ತಿರುತ್ತದೆ, ಅದರಲ್ಲಿ ಮೇಲಿನ ನಾದ ತುಂಬ. ಬೆರಳು ಜಾರಿದರೂ ಸರ್ರ್ ಎಂದು ಸದ್ದು. ಫ್ಲ್ಯಾಟ್‌ವೂಂಡಿಗೆ ಸುತ್ತಿರುವುದು ಚಪ್ಪಟೆ ಪಟ್ಟಿ. ಕೈಗೆ ನುಣುಪು, ಮೇಲಿನ ನಾದ ಕಡಿಮೆ. ಹಾಗಾಗಿ ಫೋನಿನಲ್ಲಿ ಮೊದಲು ಅಷ್ಟಿಷ್ಟು ಕೇಳುತ್ತಿದ್ದ ನೀನು ಈಗ ಇಲ್ಲವೇ ಇಲ್ಲ ಅನಿಸಿದೆ. ಆ ವಿಡಿಯೋ ನೋಡಿ ನಿನ್ನ ಬಗ್ಗೆ ತೀರ್ಮಾನ ಮಾಡಬೇಡ.

ನಮ್ಮ ಕಾಲದಲ್ಲಿ ರಸಮಂಜರಿ ನಡೆದರೆ ಜನ ಟೇಪ್ ರೆಕಾರ್ಡರ್ ಇಟ್ಟು ಹಿಡಿಯುತ್ತಿದ್ದರು. ಕೆಲವು ಕ್ಯಾಸೆಟ್ ಈಗಲೂ ನನ್ನ ಕಪಾಟಿನಲ್ಲಿವೆ. ಹಾಡುವವರು ಇದ್ದಾರೆ, ಕಾಂಗೋ ಇದೆ, ಕೀಬೋರ್ಡ್ ಇದೆ, ಸೀಟಿ ಹೊಡೆದವರೂ ಇದ್ದಾರೆ. ನನ್ನ ಬೇಸ್ ಎಲ್ಲೂ ಇಲ್ಲ. ಆಮೇಲೆ ಒಂದು ದಿನ ತಂಡದ ಯಜಮಾನರು, "ಬೇಸ್ ಈಗ ಕೀಬೋರ್ಡಿನ ಎಡಗೈಯಲ್ಲೇ ಆಗ್ತದೆ" ಅಂದರು. ನಾನು ಒಂದು ಮಾತೂ ಆಡಲಿಲ್ಲ. ಹೇಗೂ ಯಾರಿಗೂ ಗೊತ್ತಾಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನೀನು ಬರೆದದ್ದು ಅದೇ ಮಾತು, ಅದಕ್ಕೇ ಇಷ್ಟು ಸಂಕಟ. ಎಷ್ಟೋ ವರ್ಷ ಕಳೆದ ಮೇಲೆ ನಮ್ಮ ತಬಲಾದವರು ಕಾರ್ಕಳದ ಬಸ್ಸಿನಲ್ಲಿ ಸಿಕ್ಕಿದರು. "ನೀವು ಹೋದ ಮೇಲೆ ನನಗೆ ಒರಗಲಿಕ್ಕೆ ಏನೂ ಇರಲಿಲ್ಲ" ಅಂದರು. ಅದನ್ನು ಅವರು ಆಗಲೇ ಹೇಳಿದ್ದರೆ ಎಂದು ಈಗಲೂ ಅನಿಸುತ್ತದೆ. ನಾನೂ ಕೇಳಿರಲಿಲ್ಲ ಬಿಡು.

ಇರಲಿ, ನಿನ್ನ ಬೇಸಿಗೆ ಬರುತ್ತೇನೆ. ಅದು ಜಾಝ್ ಬೇಸ್ ಮಾದರಿ, ಫೆಂಡರ್‌ನವರು 1960ರಲ್ಲಿ ತಂದದ್ದು. ಎರಡು ಪಿಕಪ್, ಎರಡು ವಾಲ್ಯೂಮ್. ನೀನು ಎರಡನ್ನೂ ಪೂರ್ತಿ ತಿರುಗಿಸಿ ಇಡುತ್ತೀ ಅಲ್ವಾ? ಹಾಗೆ ಇಟ್ಟರೆ ಗುಂಯ್ ಅನ್ನುವ ಹಮ್ ಹೋಗುತ್ತದೆ ನಿಜ. ಆದರೆ ಎರಡು ಪಿಕಪ್‌ಗಳೂ ತಂತಿಯನ್ನು ಬೇರೆ ಬೇರೆ ಜಾಗದಲ್ಲಿ ಹಿಡಿಯುವುದರಿಂದ ನಡುವಿನ ನಾದ ಒಂದಷ್ಟು ಒಂದಕ್ಕೊಂದು ತಾಗಿ ಅಳಿದುಹೋಗುತ್ತದೆ. ರೌಂಡ್‌ವೂಂಡ್ ಇದ್ದಾಗ ಮೇಲಿನ ನಾದ ಇತ್ತು, ಅದರಿಂದ ನೀನು ಕೇಳುತ್ತಿದ್ದೆ. ಈಗ ಮೇಲಿನದೂ ಇಲ್ಲ, ನಡುವಿನದೂ ಇಲ್ಲ. ಉಳಿದದ್ದು ಬರೀ ತಳ. ಅದು ಡ್ರಮ್ಮಿನವರು ಕಾಲಿನಿಂದ ಬಾರಿಸುವ ಕಿಕ್ ಒಳಗೆ ಮುಳುಗುತ್ತದೆ.

ಒಂದು ವಾಲ್ಯೂಮನ್ನು ಸ್ವಲ್ಪ ಇಳಿಸಿ ನೋಡು. ನೆಕ್ ಕಡೆಯದನ್ನು, ಅಂದರೆ ಕುತ್ತಿಗೆಯ ಹತ್ತಿರದ್ದನ್ನು, ಇಳಿಸಿದರೆ ಸ್ವರ ಗಡುಸಾಗಿ ಮುಂದೆ ಬರುತ್ತದೆ, ಬ್ರಿಡ್ಜ್ ಕಡೆಯದನ್ನು, ಅಂದರೆ ತಂತಿಯ ಬುಡದ ಹತ್ತಿರದ್ದನ್ನು, ಇಳಿಸಿದರೆ ದುಂಡಗಾಗುತ್ತದೆ. ಹಮ್ ಸ್ವಲ್ಪ ಬಂದೀತು, ಬರಲಿ. ಟೋನ್ ನಾಬ್ ಪೂರ್ತಿ ತೆರೆದಿರಲಿ, ಫ್ಲ್ಯಾಟ್‌ವೂಂಡ್ ಇದ್ದಾಗ ಅದನ್ನು ಇಳಿಸುವ ಅಗತ್ಯ ಕಡಿಮೆ. ಆಂಪ್‌ನಲ್ಲಿ ತಳದ ನಾದದ ಬೇಸ್ ನಾಬ್ ಇಳಿಸು, ನಡುವಿನ ನಾದದ ಮಿಡ್ ಏರಿಸು. 400ರಿಂದ 800 ಹರ್ಟ್ಸ್‌ನ ಆಸುಪಾಸಿನಲ್ಲೇ ನೀನು ಇರುವುದು. ಕೋಣೆಯಲ್ಲಿ ಒಬ್ಬಳೇ ನುಡಿಸುವಾಗ ಅದು ಒರಟು ಅನಿಸುತ್ತದೆ. ಬ್ಯಾಂಡಿನ ಜೊತೆ ಕೇಳಿ ಹೇಳು.

ನೀನು ಹೇಳಿದ ಜೋರು ಪಿಕಪ್ ಬಗ್ಗೆ ನನಗೆ ಮನಸ್ಸಿಲ್ಲ. ಅದರಲ್ಲಿ ತಾಮ್ರದ ಸುತ್ತು ಜಾಸ್ತಿ. ಸದ್ದು ಏರುತ್ತದೆ, ಆದರೆ ಮೇಲಿನ ನಾದ ಇನ್ನೂ ಇಳಿಯುತ್ತದೆ. ಕೇಳಿಸಬೇಕು ಎಂದು ಹಾಕಿದ್ದೇ ನಿನ್ನನ್ನು ಇನ್ನಷ್ಟು ಮಂಕು ಮಾಡಿದರೆ? ಹಾಕಲೇಬೇಕು ಅನಿಸಿದರೆ ಸಾಧಾರಣ ಸುತ್ತಿನ, ಆಲ್ನಿಕೋ ಅಯಸ್ಕಾಂತದ್ದನ್ನು ನೋಡು. ಅದಕ್ಕೂ ಮೊದಲು ಸ್ಕ್ರೂ ತಿರುಗಿಸಿ ಈಗಿರುವ ಪಿಕಪ್ಪನ್ನೇ ಸ್ವಲ್ಪ ಮೇಲೆ ತಾ. ಖರ್ಚಿಲ್ಲ. ತೀರಾ ಹತ್ತಿರ ಬೇಡ, ಅಯಸ್ಕಾಂತ ತಂತಿಯನ್ನು ಎಳೆದು ಸ್ವರ ತೊನೆದಾಡುತ್ತದೆ.

ನನ್ನ ಹಳೆಯ ಬೇಸ್ ಫೆಂಡರ್‌ನವರದ್ದೇ ಪ್ರಿಸಿಷನ್ ಮಾದರಿ, ನಿನಗೆ ಗೊತ್ತು. ಫ್ಲ್ಯಾಟ್‌ವೂಂಡ್ ಕೂಡಲೇ ಹೊಂದುವುದು ಅದಕ್ಕೆ. 1951ರಲ್ಲಿ ಬಂದಾಗ ಪಿಕಪ್‌ನಲ್ಲಿ ಒಂದೇ ಕಾಯಿಲ್, ಅಂದರೆ ತಾಮ್ರದ ಸುರುಳಿ, ಇತ್ತು, 1957ರಲ್ಲಿ ಅದನ್ನು ಎರಡು ತುಂಡು ಮಾಡಿ ಹಮ್ ಹೋಗುವ ಹಾಗೆ ಮಾಡಿದರು. ಒಂದೇ ಜಾಗದ ಪಿಕಪ್, ನಡುವಿನ ನಾದ ಅಳಿಯುವ ಪ್ರಶ್ನೆಯೇ ಇಲ್ಲ. ಡೆಟ್ರಾಯ್ಟ್‌ನ ಮೋಟೌನ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಕೈಯಲ್ಲಿದ್ದದ್ದು 1962ರ ಪ್ರಿಸಿಷನ್, ಅದರ ಮೇಲೆ ಲಾ ಬೆಲ್ಲಾ ಕಂಪನಿಯ ದಪ್ಪ ಫ್ಲ್ಯಾಟ್‌ವೂಂಡ್. ತಂತಿ ತುಂಡಾಗದೆ ಬದಲಾಯಿಸುತ್ತಿರಲಿಲ್ಲವಂತೆ. ಬಲಗೈಯ ಒಂದೇ ತೋರುಬೆರಳು. ಮೋಟೌನ್ ಹಾಡುಗಳು ಲೋಕವೆಲ್ಲ ಓಡಾಡುತ್ತಿದ್ದ ಕಾಲದಲ್ಲಿ ಹೆಚ್ಚಿನ ರೆಕಾರ್ಡುಗಳ ಮೇಲೆ ಅವರ ಹೆಸರೇ ಇರುತ್ತಿರಲಿಲ್ಲ. ಆದರೂ ಆ ಹಾಡುಗಳಿಗೆ ಜನ ಕಾಲು ಕುಣಿಸಿದ್ದು ಅವರ ಬೆರಳಿಗೆ. ನೀನು ಆ ಸಾಲು ಬರೆಯುವಾಗ ಅವರು ನೆನಪಿಗೆ ಬರಲಿಲ್ಲವಾ?

ಯಕ್ಷಗಾನದ ಹಿಮ್ಮೇಳದಲ್ಲಿ ಶ್ರುತಿ ಹಾಕುವವರನ್ನು ಯಾರು ನೋಡುತ್ತಾರೆ ಹೇಳು. ಶ್ರುತಿ ನಿಂತ ಕ್ಷಣ ಭಾಗವತರು ತಿರುಗಿ ನೋಡುತ್ತಾರೆ. ಮುಂದಿನ ಪ್ರಾಕ್ಟೀಸಿನಲ್ಲಿ ಒಂದು ಹಾಡಿನ ನಡುವೆ, ಯಾರಿಗೂ ಹೇಳದೆ, ಕೈ ನಿಲ್ಲಿಸಿ ನೋಡು. ಡ್ರಮ್ಮಿನ ಹುಡುಗನ ಕಡೆ ನೋಡುತ್ತಾ ನಿಲ್ಲಿಸು. ಇದನ್ನು ನಾನು ಆಗ ಮಾಡಿ ನೋಡಬೇಕಿತ್ತು.

ಬ್ಯಾಂಡಿನ ಹುಡುಗ ಸ್ಟಿಂಗ್‌ರೇ ಕೊಡುತ್ತೇನೆ ಅಂದನಂತಲ್ಲ, ತಗೊಂಡು ನುಡಿಸು, ನಾಚಿಕೆ ಬೇಡ. ಮ್ಯೂಸಿಕ್ ಮ್ಯಾನ್‌ನವರು 1976ರಲ್ಲಿ ತಂದ ಬೇಸ್ ಅದು. ಬ್ರಿಡ್ಜಿನ ಹತ್ತಿರ ದೊಡ್ಡ ಹಂಬಕರ್, ಅಂದರೆ ಎರಡು ಕಾಯಿಲಿನ ಪಿಕಪ್, ಒಳಗೆ ಸದ್ದನ್ನು ಏರಿಸಿ ಹದ ಮಾಡುವ ಬ್ಯಾಟರಿಯ ಪ್ರೀಆಂಪ್. ರೌಂಡ್‌ವೂಂಡಿನಲ್ಲಿ ಅದು ಕೆಲವೊಮ್ಮೆ ಚುಚ್ಚುತ್ತದೆ, ಫ್ಲ್ಯಾಟ್‌ವೂಂಡ್ ಆ ಮೊನೆಯನ್ನು ಇಳಿಸುತ್ತದೆ, ಬಲ ಹಾಗೇ ಉಳಿಯುತ್ತದೆ. ಮೇಲಿನ ನಾದ ಬೇಕೆಂದರೆ ಅದರದ್ದೇ ಟ್ರೆಬಲ್ ಇದೆ. ನಿನ್ನ ಜಾಝ್ ಬೇಸಿನಲ್ಲಿ ಹಾಗಲ್ಲ, ಇಲ್ಲದ್ದನ್ನು ನಾಬ್ ತಿರುಗಿಸಿ ತರಲು ಆಗುವುದಿಲ್ಲ.

30 ಇಂಚಿನ ಶಾರ್ಟ್ ಸ್ಕೇಲ್, ಅಂದರೆ ಗಿಡ್ಡ ತಂತಿಯ, ಪಿಟೀಲು ಆಕಾರದ ಬೇಸ್ ಬಗ್ಗೆಯೂ ಕೇಳಿದ್ದೀಯಾ. ಆಸೆ ಇದ್ದರೆ ತಗೋ. ಆದರೆ ಅದಕ್ಕೆ ಶಾರ್ಟ್ ಸ್ಕೇಲ್ ಸೆಟ್ಟೇ ಹಾಕಬೇಕು. ಉದ್ದದ ತಂತಿಯ ದಪ್ಪ ಭಾಗವನ್ನು ಕೀಲಿಗೆ ಸುತ್ತಿದರೆ ಪಟ್ಟಿ ಬಿಟ್ಟುಕೊಳ್ಳುತ್ತದೆ.

ತಂತಿ ತೆಗೆಯುವ ಅವಸರವೂ ಬೇಡ. ಮಂಗಳೂರಿನ ಸೆಕೆ, ಬೆವರು, ಉಪ್ಪುಗಾಳಿಗೆ ರೌಂಡ್‌ವೂಂಡ್ ಬೇಗ ಸಾಯುತ್ತದೆ. ಸುತ್ತಿನ ಸಂದಿಯಲ್ಲಿ ಕೊಳೆ ಕೂತು ತುಕ್ಕು ಬರುತ್ತದೆ. ಫ್ಲ್ಯಾಟ್‌ವೂಂಡಿಗೆ ಆ ಸಂದಿ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಬಿಗಿತ ನೋಡಿಕೋ. ಜೇಮರ್ಸನ್ ಹೆಸರಿನಲ್ಲಿ ಸಿಗುವ ಲಾ ಬೆಲ್ಲಾ ಸೆಟ್ 52ರಿಂದ 110 ಗೇಜ್, ಅಂದರೆ ಇಂಚಿನ ಸಾವಿರದ ಪಾಲಿನ ಲೆಕ್ಕದಲ್ಲಿ ತಂತಿಯ ದಪ್ಪ, ಕೈಗೂ ನೆಕ್ಕಿಗೂ ಭಾರ. ಥೋಮಾಸ್ಟಿಕ್‌ನ ಜಾಝ್ ಫ್ಲ್ಯಾಟ್ಸ್ 43ರಿಂದ 100, ಬಹಳ ಮೆತ್ತಗೆ, ನಡುವಿನ ನಾದವೂ ಚೆನ್ನ, ಬೆಲೆ ಮಾತ್ರ ಜಾಸ್ತಿ. ತಂತಿಯ ಬಿಗಿತ ಬದಲಾದರೆ ನೆಕ್ ಬಾಗುತ್ತದೆ, ಅದರೊಳಗಿನ ಸಲಾಕೆಯನ್ನು, ಟ್ರಸ್ ರಾಡನ್ನು, ತಿರುಗಿಸಬೇಕಾಗುತ್ತದೆ. ಕಾಲು ಸುತ್ತಿಗಿಂತ ಜಾಸ್ತಿ ಒಮ್ಮೆಲೇ ಬೇಡ. ಗೊತ್ತಿದ್ದವರ ಕೈಯಲ್ಲಿ ಮಾಡಿಸಿದರೆ ನನಗೆ ಸಮಾಧಾನ.

ಇಷ್ಟೆಲ್ಲ ಬರೆದೆ, ನಿನಗೆ ಬೇಕಾದ್ದು ಎಷ್ಟು ಸಿಕ್ಕಿತೋ ಗೊತ್ತಿಲ್ಲ. ಪಿಕಪ್ಪಿಗೆ ಈಗಲೇ ದುಡ್ಡು ಕಟ್ಟಬೇಡ. ನೀನು ಹಾಕಿದ ಸೆಟ್ಟಿನ ಗೇಜ್ ಎಷ್ಟು ಎಂದು ಬರೆದಿಲ್ಲ. ಪ್ಯಾಕೆಟ್ಟಿನ ಮೇಲೆ ಇರುತ್ತದೆ, ನೋಡಿ ತಿಳಿಸು. ವಾಲ್ಯೂಮ್ ಇಳಿಸಿದಾಗ ಏನಾಯಿತು ಎಂದೂ ಬರಿ.

ಇಂತಿ,
ನಿನ್ನ ದೊಡ್ಡಪ್ಪ