ಶಿಕಾಗೊದ ಮೇಷ್ಟ್ರಿಗೂ, ಜೊತೆಗಿದ್ದ ನಿಮಗೆಲ್ಲರಿಗೂ

ಕಳೆದ ಶನಿವಾರ ಬೆಂಗಳೂರಿನಲ್ಲಿ ಗೆಳೆಯರ ಬ್ಯಾಂಡಿನ ಜೊತೆ ನಿಂತು ಮೌತ್ ಆರ್ಗನ್‌ನಲ್ಲಿ ಬ್ಲೂಸ್ (ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿದ ಸಂಗೀತ) ನುಡಿಸಿದೆ. ಜನರ ಎದುರು ಇದೇ ಮೊದಲು. ವಿಡಿಯೊ ನೋಡಿ ತುಂಬಾ ಜನ ಮೆಸೇಜ್ ಮಾಡಿದ್ದೀರಿ. ಎಲ್ಲರಿಗೂ ಇಲ್ಲೇ ಥ್ಯಾಂಕ್ಸ್ ಹೇಳುತ್ತೇನೆ, ಅದರಲ್ಲೂ ಒಬ್ಬರಿಗೆ ಸ್ವಲ್ಪ ಜಾಸ್ತಿ.

ಗೊತ್ತಿಲ್ಲದವರಿಗಾಗಿ ಹೇಳಿಬಿಡುತ್ತೇನೆ. ನಾನು ಚಿಕ್ಕಂದಿನಿಂದ ಹಾಡಿಕೊಂಡು ಬಂದವಳು. ಥೈರಾಯ್ಡ್ ಆಪರೇಷನ್ ಆದಮೇಲೆ ಧ್ವನಿ ಬದಲಾಯಿತು. ಗಂಟಲಿನ ನರಕ್ಕೆ ತೊಂದರೆಯಾದರೆ ಹೀಗಾಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಥೆರಪಿ ಮಾಡಿಸಿಕೊಂಡ ಮೇಲೆ ಮಾತು ಸರಿಹೋಯಿತು, ಅಲ್ಲಿಯವರಿಗೆ ನಾನು ಯಾವತ್ತೂ ಋಣಿ. ಆದರೆ ಮೇಲಿನ ಷಡ್ಜ ಮುಟ್ಟುವ ಗಂಟಲು ವಾಪಸ್ ಬರಲಿಲ್ಲ. ಮನೆಯಲ್ಲಿ ಯಾರಾದರೂ ಮೊಬೈಲಿನಲ್ಲಿ ತಂಬೂರಿ ಶ್ರುತಿ ಹಾಕಿದರೂ ಎದ್ದು ಹೋಗಿಬಿಡುತ್ತಿದ್ದೆ.

ಆಗ ನಮ್ಮ ಮೈದುನ ಹತ್ತು ತೂತಿನ ಪುಟ್ಟ ಹಾರ್ಮೋನಿಕಾ, ಅಂದರೆ ಈ ಮೌತ್ ಆರ್ಗನ್, ತಂದುಕೊಟ್ಟ. ಶಿಕಾಗೊದ ಈ ಮೇಷ್ಟ್ರನ್ನು ಹುಡುಕಿಕೊಟ್ಟವನೂ ಅವನೇ. ಅಲ್ಲಿನ ಕ್ಲಬ್ಬುಗಳಲ್ಲಿ ಎಷ್ಟೋ ವರ್ಷಗಳಿಂದ ನುಡಿಸುತ್ತಾ ಬಂದವರು. ಹೆಸರು ಹಾಕುವುದು ಬೇಡ ಎಂದಿದ್ದಾರೆ, ಹಾಗಾಗಿ ಮೇಷ್ಟ್ರು ಅಂತಲೇ ಬರೆಯುತ್ತೇನೆ.

ಕ್ಲಾಸು ಮಂಗಳವಾರ ಬೆಳಿಗ್ಗೆ 6.30ಕ್ಕೆ. ಅವರಿಗೆ ಆಗ ಸೋಮವಾರ ರಾತ್ರಿ 8, ಚಳಿಗಾಲದಲ್ಲಿ ಅಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ 7. ಮೊದಲ ದಿನ ಅವರು ಹಾರ್ಮೋನಿಕಾ ಮುಟ್ಟಲೇ ಇಲ್ಲ. ಝೂಮ್‌ನಲ್ಲಿ ಒರಿಜಿನಲ್ ಸೌಂಡ್ ಆನ್ ಮಾಡಿಸಿದರು. ಇಲ್ಲದಿದ್ದರೆ ನಾವು ಉದ್ದಕ್ಕೆ ಎಳೆದ ಸ್ವರವನ್ನು ಅದು ಗದ್ದಲ ಅಂದುಕೊಂಡು ನುಂಗಿಬಿಡುತ್ತದೆ. ಇಂಟರ್ನೆಟ್‌ನಲ್ಲಿ ಶಬ್ದ ತಡವಾಗಿ ಬರುವುದರಿಂದ ಇಬ್ಬರೂ ಒಟ್ಟಿಗೆ ನುಡಿಸುವುದಕ್ಕೂ ಆಗುವುದಿಲ್ಲ. ಅದಕ್ಕೆ ನಾನು ಗಿಟಾರ್ ಟ್ರ್ಯಾಕ್ ಹಾಕಿಕೊಂಡು ರೆಕಾರ್ಡ್ ಮಾಡಿ ಕಳಿಸಬೇಕು, ಅವರು ಕೇಳಿ, ಯಾವ ಬಾರ್‌ನಲ್ಲಿ (ತಾಳದ ಒಂದು ಆವರ್ತನದಲ್ಲಿ) ಉಸಿರು ಅವಸರ ಮಾಡಿತು, ಎಲ್ಲಿ ಸುಮ್ನೆ ಇರಬೇಕಿತ್ತು ಎಂದು ಒಂದೊಂದಾಗಿ ಹೇಳಿ ಆಡಿಯೊ ವಾಪಸ್ ಕಳಿಸುತ್ತಿದ್ದರು. ಅಷ್ಟು ಗಮನ ಕೊಟ್ಟು ನನ್ನನ್ನು ಯಾರೂ ಕೇಳಿಸಿಕೊಂಡು ಎಷ್ಟೋ ಕಾಲವಾಗಿತ್ತು.

ಆಮೇಲೆ ಬಂತು ಬೆಂಡ್, ಅಂದರೆ ಸ್ವರ ಬಗ್ಗಿಸುವುದು. ಬ್ಲೂಸ್‌ನಲ್ಲಿ ಸಿ (C) ಶ್ರುತಿಯ ಹಾರ್ಮೋನಿಕಾವನ್ನು ಹೆಚ್ಚಾಗಿ ಜಿ (G) ಶ್ರುತಿಯಲ್ಲಿ ನುಡಿಸುತ್ತಾರೆ. ಆಗ 2ನೇ ತೂತಿನಲ್ಲಿ ಉಸಿರು ಒಳಗೆಳೆದರೆ ಷಡ್ಜ. 3ನೇ ತೂತಿನಲ್ಲಿ ಎಳೆದರೆ ಅಂತರ ಗಾಂಧಾರ. ಅಲ್ಲಿಂದ 'ಈ' ಅನ್ನುವ ನಾಲಿಗೆಯನ್ನು ಮೆಲ್ಲಗೆ 'ಊ' ಕಡೆ ಸರಿಸುತ್ತಾ ಹೋದರೆ ಸ್ವರ ಬಗ್ಗುತ್ತದೆ. ಸಾಧಾರಣ ಗಾಂಧಾರ, ಚತುಶ್ರುತಿ ರಿಷಭ, ಶುದ್ಧ ರಿಷಭದವರೆಗೂ ಇಳಿಯಬಹುದು, ಎಲ್ಲವೂ ಒಂದೇ ತೂತಿನಲ್ಲಿ! ಬ್ಲೂಸ್‌ನ ಜೀವ ಇರುವುದು ಆ ಎರಡು ಗಾಂಧಾರಗಳ ನಡುವೆ. ಪೂರ್ತಿ ಅದೂ ಅಲ್ಲ, ಪೂರ್ತಿ ಇದೂ ಅಲ್ಲ. ಗಮಕ ಕೇಳಿ ಬೆಳೆದ ನನ್ನ ಕಿವಿಗೆ ಅದು ತಕ್ಷಣ ಸಿಕ್ಕಿತು, ಬಾಯಿಗೆ ಸಿಗಲಿಲ್ಲ.

ಮೇಷ್ಟ್ರು ಆ ಸ್ವರವನ್ನು ಮೊದಲು ಹಾಡಲು ಹೇಳಿದರು. ಆಗಲ್ಲ ಅಂದೆ, ಆಪರೇಷನ್ ವಿಷಯ ಹೇಳಿದೆ. ಅವರು ಅನುಕಂಪದ ಮಾತು ಒಂದೂ ಆಡಲಿಲ್ಲ. ಕೆಳಗಿನ ಸ್ಥಾಯಿಯಲ್ಲಿ, ಎಷ್ಟು ಒರಟಾಗಿ ಬಂದರೂ ಪರವಾಗಿಲ್ಲ, ಸ್ವರ ಎಲ್ಲಿದೆ ಅಂತ ಗಂಟಲಿಗೆ ಗೊತ್ತಾಗದೆ ನಾಲಿಗೆಗೆ ಗೊತ್ತಾಗುವುದಿಲ್ಲ ಎಂದು ವಿವರಿಸಿ ಕಾದರು. ಹಾಡಿದೆ. ಎಷ್ಟೋ ತಿಂಗಳ ಮೇಲೆ, ಆ ಪರದೆಯ ಎದುರು ಕೂತು ಹಾಡಿದೆ. ಧ್ವನಿ ಚೆನ್ನಾಗಿದೆ ಅಂತ ಸುಳ್ಳು ಹೇಳದೆ, ಸ್ವರ ಸರಿ ಇದೆ, ಈಗ ನುಡಿಸು ಅಂದರು. ಮೇಷ್ಟ್ರೇ, ಉಳಿದದ್ದಕ್ಕೆಲ್ಲ ಥ್ಯಾಂಕ್ಸ್, ಆ ಬೆಳಿಗ್ಗೆಗೆ ಮಾತ್ರ ಏನು ಹೇಳಿದರೂ ಸಾಲದು.

ಅವತ್ತೇ ಅವರು ಹೆಸರಾಂತ ಹಾರ್ಮೋನಿಕಾ ವಾದಕ ಲಿಟ್ಲ್ ವಾಲ್ಟರ್ ನುಡಿಸಿದ 'ಜೂಕ್' ಕೇಳಲು ಕೊಟ್ಟರು. 1952ರಲ್ಲಿ ಶಿಕಾಗೊದಲ್ಲೇ ರೆಕಾರ್ಡ್ ಆದದ್ದು. ಅದರಲ್ಲಿ ಹಾಡುಗಾರಿಕೆಯೇ ಇಲ್ಲ, ಹಾರ್ಮೋನಿಕಾನೇ ಎಲ್ಲ. ಆದರೂ ಆ ವರ್ಷ ಅಮೆರಿಕದ ಆರ್ ಅಂಡ್ ಬಿ (ರಿದಮ್ ಅಂಡ್ ಬ್ಲೂಸ್) ಜನಪ್ರಿಯ ರೆಕಾರ್ಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಅದನ್ನು ಯಾಕೆ ಕೊಟ್ಟರು ಅಂತ ಅವರು ಹೇಳಲಿಲ್ಲ, ನನಗೆ ಅರ್ಥವಾಯಿತು.

ಇನ್ನು ಬ್ಯಾಂಡಿನ ಹುಡುಗರಿಗೆ. ಗಿಟಾರ್‌ನವರಿಗೆ ಬ್ಲೂಸ್ ಅಂದರೆ ಇ ಶ್ರುತಿ ಇಷ್ಟ, ಅದರಲ್ಲಿ ಬಿಟ್ಟ ತಂತಿಗಳು ಚೆನ್ನಾಗಿ ಒದಗುತ್ತವೆ. ನನ್ನ ಹತ್ತಿರ ಇದ್ದದ್ದು ಸಿ ಹಾರ್ಮೋನಿಕಾ ಒಂದೇ ಅಂತ ಅವತ್ತು ಎಲ್ಲವನ್ನೂ ಜಿ ಶ್ರುತಿಗೆ ಬದಲಾಯಿಸಿಕೊಂಡರು, ಒಂದು ಮಾತೂ ಆಡದೆ. ಬ್ಲೂಸ್‌ನ ಒಂದು ಸುತ್ತಾದ 12 ಬಾರ್ ಮುಗಿದಾಗ ಕೀಬೋರ್ಡ್ ಹುಡುಗ ಇನ್ನೊಂದು ಸುತ್ತು ಅಂತ ಕಣ್ಣಲ್ಲೇ ಹೇಳಿದನಲ್ಲ, ಅದಕ್ಕೂ ಥ್ಯಾಂಕ್ಸ್ ಕಣೋ. ಮೇಲಿನ ಮನೆಯ ಆಂಟಿಗೂ. ಬೆಳ್ಳಂಬೆಳಿಗ್ಗೆ ಅದೇ ಒಂದು ಸ್ವರ ಅಷ್ಟು ದಿನ ಕೇಳಿಸಿಕೊಂಡು, ಕೊನೆಗೆ ಮೆಟ್ಟಿಲ ಮೇಲೆ ಸಿಕ್ಕಾಗ ಇವತ್ತು ಚೆನ್ನಾಗಿ ಬಗ್ಗಿತು ಕಣಮ್ಮ ಅಂದಿರಿ!

ನನ್ನ ಹಾಗೆ ಧ್ವನಿ ಕಳೆದುಕೊಂಡು ಹಾಡು ಬಿಟ್ಟವರು ಯಾರಾದರೂ ಇದನ್ನು ಓದುತ್ತಿದ್ದರೆ ಮೆಸೇಜ್ ಮಾಡಿ. ಉಸಿರಿನ ಕೆಲಸ ಇದು, ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ಅವರು ಸರಿ ಅಂದರೆ ಶುರು ಮಾಡುವುದು ಹೇಗೆ ಅಂತ ನಾನು ಖಂಡಿತ ಹೇಳಿಕೊಡುತ್ತೇನೆ. ಮೈಸೂರಿನವರಾದರೆ ಮನೆಗೇ ಬನ್ನಿ.