ದಾಖಲೆಯ ವೇಗ ಬೇಡ, ಹೇಳಿದ ಹೊತ್ತಿಗೆ ಬನ್ನಿ

ಸಂಪಾದಕರೇ,

ರೈಲು ವೇಗದ ದಾಖಲೆಗಳ ಬಗ್ಗೆ ಸೋಮವಾರ ನೀವು ಹಾಕಿದ ವರದಿಯನ್ನು ನಾನು ಓದಿದ್ದು ರೈಲಿನಲ್ಲೇ. ಒಂದಲ್ಲ, ಮೂರು ಸಲ ಓದಿದೆ. ಯಾಕೆಂದರೆ ನಮ್ಮ ಪ್ಯಾಸೆಂಜರ್ ಗಾಡಿಯನ್ನು ಕ್ರಾಸಿಂಗ್ ಅಂತ, ಅಂದರೆ ಬೇರೆ ಗಾಡಿಗಳಿಗೆ ದಾರಿ ಬಿಡಲು, ಪಕ್ಕದ ಲೂಪ್ ಲೈನಿಗೆ ಹಾಕಿ 1 ಗಂಟೆ 50 ನಿಮಿಷ ನಿಲ್ಲಿಸಿದ್ದರು. ಎಲ್ಲಿ ಅಂತ ಈ ದಾರಿಯಲ್ಲಿ ದಿನಾ ಓಡಾಡುವವರಿಗೆ ನಾನು ಹೇಳಬೇಕಾಗಿಲ್ಲ.

ಜತೆಯಲ್ಲಿ 74 ವರ್ಷದ ಅಮ್ಮ ಇದ್ದರು. ಕಣ್ಣಿನ ಡಾಕ್ಟರು 11 ಗಂಟೆಗೆ ಬರಹೇಳಿದ್ದರು. ಬೋಗಿಯ ನಲ್ಲಿಯಲ್ಲಿ ಹನಿ ನೀರಿಲ್ಲ. ಪ್ಲಾಟ್‌ಫಾರ್ಮ್ ಇಲ್ಲದ ಕಡೆ ಅಮ್ಮನನ್ನು ಇಳಿಸುವ ಹಾಗೂ ಇಲ್ಲ. ಮಧ್ಯಾಹ್ನಕ್ಕೆ ಕಟ್ಟಿಕೊಂಡಿದ್ದ ಮೊಸರನ್ನದ ಡಬ್ಬಿಯನ್ನು ಒಂಬತ್ತೂವರೆಗೇ ಬಿಚ್ಚಿ, ಅಳುತ್ತಿದ್ದ ಎದುರು ಸೀಟಿನ ಮಗುವಿಗೆ ನಾಲ್ಕು ತುತ್ತು ತಿನ್ನಿಸಿದರು. ಪಕ್ಕದ ಹಳಿಯಲ್ಲಿ ಎರಡು ಎಕ್ಸ್‌ಪ್ರೆಸ್ ಹೋದವು. ಮೂರನೆಯದು ಗೂಡ್ಸ್! ಆಸ್ಪತ್ರೆ ಮುಟ್ಟುವಷ್ಟರಲ್ಲಿ ಡಾಕ್ಟರು ಹೊರಟುಹೋಗಿದ್ದರು. ಇನ್ನು ಮುಂದಿನ ತಿಂಗಳೇ ಅಂತೆ.

ನಿಮ್ಮ ವರದಿಯ ಮೇಲೂ ನನಗೆ ಸಿಟ್ಟಿದೆ. ಗಂಟೆಗೆ ಫ್ರಾನ್ಸಿನಲ್ಲಿ 574.8, ಜಪಾನಿನಲ್ಲಿ 603 ಕಿ.ಮೀ. ಅಂತ ದಪ್ಪಕ್ಷರದಲ್ಲಿ ಹಾಕಿದ್ದೀರಿ, ಜನ ದಿನಾ ಅದೇ ವೇಗದಲ್ಲಿ ಹೋಗುತ್ತಾರೆ ಅನ್ನುವ ಹಾಗೆ. 2007ರ ಏಪ್ರಿಲ್ 3ರಂದು ಫ್ರಾನ್ಸಿನ ಅತಿವೇಗದ ರೈಲು ಟಿಜಿವಿ ಓಡಿದ್ದು ಪರೀಕ್ಷೆಗೆ. ಎರಡು ತುದಿಗೆ ಎರಡು ಇಂಜಿನ್, ನಡುವೆ ಬೋಗಿ ಮೂರೇ. ಮಾಮೂಲಿಗಿಂತ ದೊಡ್ಡ ಗಾಲಿ ಹಾಕಿದ್ದರು. ಮೇಲಿನ ತಂತಿಯ ವೋಲ್ಟೇಜನ್ನು 25 ಸಾವಿರದಿಂದ 31 ಸಾವಿರಕ್ಕೆ ಏರಿಸಿದ್ದರು. ಟಿಕೆಟ್ ತಗೊಂಡವರು ಆ ಹಳಿಯಲ್ಲಿ ಹೋಗುವುದು 320ರಲ್ಲಿ. ಜಪಾನಿನ 603 ಮ್ಯಾಗ್ಲೆವ್‌ನದು (ಅಯಸ್ಕಾಂತದ ಬಲದಲ್ಲಿ ತೇಲಿ ಓಡುವ ಗಾಡಿ), 2015ರಲ್ಲಿ, ಅದೂ ಪರೀಕ್ಷಾ ಮಾರ್ಗದಲ್ಲೇ. 1938ರಲ್ಲಿ ಇಂಗ್ಲೆಂಡಿನ ಮಲ್ಲಾರ್ಡ್ ಉಗಿ ಇಂಜಿನ್ 126 ಮೈಲಿ ಮುಟ್ಟಿದ್ದು ಇಳಿಜಾರಿನಲ್ಲಿ. ಬೇರಿಂಗ್ ಕಾದು, ಕೊನೆಗೆ ಆ ಇಂಜಿನ್ನನ್ನೇ ಗಾಡಿಯಿಂದ ಬಿಡಿಸಬೇಕಾಯಿತು. ಇದನ್ನೆಲ್ಲ ನೀವು ಬರೆಯಬೇಕಿತ್ತು ಅಲ್ವಾ?

ನನ್ನ ಲೆಕ್ಕದಲ್ಲಿ ದೊಡ್ಡ ದಾಖಲೆ 1964ರ ಅಕ್ಟೋಬರ್ 1ರದು. ಅವತ್ತು ಟೋಕಿಯೊ–ಒಸಾಕಾ ಶಿಂಕಾನ್‌ಸೆನ್, ಅಂದರೆ ಜಪಾನಿನ ಬುಲೆಟ್ ರೈಲು, ಶುರುವಾಯಿತು. ಗರಿಷ್ಠ ವೇಗ ಗಂಟೆಗೆ 210 ಕಿ.ಮೀ. ಒಳಗೆ ಕೂತವರು ಟಿಕೆಟ್ ತಗೊಂಡ ಮಾಮೂಲಿ ಜನ. 515 ಕಿ.ಮೀ.ಗೆ 4 ಗಂಟೆ, ಮರುವರ್ಷ 3 ಗಂಟೆ 10 ನಿಮಿಷ. ಆ ಗಾಡಿಗೆ ಅಂತಲೇ ಬೇರೆ ಜೋಡಿ ಹಳಿ ಹಾಕಿದ್ದರು. ಲೆವೆಲ್ ಕ್ರಾಸಿಂಗ್ ಒಂದೂ ಇಡಲಿಲ್ಲ. ವೇಗದ ಗಾಡಿಗೆ ದಾರಿ ಬಿಡಲು ಯಾರ ಅಮ್ಮನೂ ಬಿಸಿಲಲ್ಲಿ ಕಾಯಬೇಕಾಗಲಿಲ್ಲ.

ನಮ್ಮ ವಂದೇ ಭಾರತ್ 2018ರ ಪರೀಕ್ಷೆಯಲ್ಲಿ 180 ಮುಟ್ಟಿತು. ಸಂತೋಷ, ನನಗೂ ಹೆಮ್ಮೆಯೇ. ಆದರೆ ಮೈಸೂರಿನಿಂದ ಚೆನ್ನೈಗೆ, ಸುಮಾರು 500 ಕಿ.ಮೀ.ಗೆ, ಅದಕ್ಕೂ ಆರು ಗಂಟೆಗಿಂತ ಜಾಸ್ತಿ ಬೇಕು. ಗಾಡಿ ಹೊಸದಾದರೆ ಸಾಲದು, ಹಳಿ ಬೇಕು, ಸಿಗ್ನಲ್ ಬೇಕು.

ನಮ್ಮ ದಾರಿಯ ಕಥೆ ಕೇಳಿ. ಕೊನೆಯ ಎರಡು ಸ್ಟೇಷನ್ ಮಧ್ಯೆ 11 ಕಿ.ಮೀ. ಅದಕ್ಕೆ ವೇಳಾಪಟ್ಟಿಯಲ್ಲಿ 50 ನಿಮಿಷ ಇಟ್ಟಿದ್ದಾರೆ. ದಾರಿಯುದ್ದಕ್ಕೂ ತಡ ಮಾಡಿ, ಕೊನೆಗೆ ‘ಸರಿಯಾದ ಸಮಯಕ್ಕೆ ಬಂತು’ ಅಂತ ಬರೆದುಕೊಳ್ಳುವುದಕ್ಕೆ! ಕೋವಿಡ್ ಹೊತ್ತಲ್ಲಿ ತೆಗೆದ ಬೆಳಗಿನ ನಿಲುಗಡೆಯನ್ನು ಇವತ್ತಿಗೂ ವಾಪಸ್ ಕೊಟ್ಟಿಲ್ಲ. ಕೆಳಸೇತುವೆಯಲ್ಲಿ ಒಂದು ಮಳೆಗೇ ಸೊಂಟದ ಮಟ್ಟ ನೀರು. ಎರಡನೇ ಪ್ಲಾಟ್‌ಫಾರ್ಮಿಗೆ ನೆರಳಿಲ್ಲ ಅಂತ ಎರಡು ಸಲ ಅರ್ಜಿ ಕೊಟ್ಟೆವು. ‘ಮೇಲಕ್ಕೆ ಕಳಿಸಿದ್ದೇವೆ’ ಅಂದರು. ಆ ಮೇಲು ಎಲ್ಲಿದೆಯೋ! ಹೊಸ ಗಾಡಿಗೆ ಹಸಿರು ಬಾವುಟ ತೋರಿಸುವ ದಿನ ಮಾತ್ರ ಎಲ್ಲರೂ ಹಾರ ಹಾಕಿಸಿಕೊಳ್ಳಲು ಬರುತ್ತಾರೆ.

ಸಂಬಂಧಪಟ್ಟವರು ಕೂಡಲೇ ಎರಡನೇ ಹಳಿಯ ಕೆಲಸ ಮುಗಿಸಲಿ. ಅಲ್ಲಿಯವರೆಗೆ ಪ್ಯಾಸೆಂಜರ್ ಗಾಡಿಯನ್ನು ಅರ್ಧ ಗಂಟೆಗಿಂತ ಜಾಸ್ತಿ ನಿಲ್ಲಿಸಬಾರದು. ನಿಲ್ಲಿಸಿದರೆ ಯಾಕೆ ಅಂತ ಒಬ್ಬರಾದರೂ ಬಂದು ಹೇಳಲಿ. ನೀರನ್ನಾದರೂ ತುಂಬಿಸಲಿ. ಇಲ್ಲವೆ ಆ ಅಧಿಕಾರಿಗಳೇ ತಮ್ಮ ಮನೆಯ ಹಿರಿಯರನ್ನು ಕರೆದುಕೊಂಡು ಒಂದು ದಿನ ಈ ಗಾಡಿಯಲ್ಲಿ ಬರಲಿ, ಆ ಲೂಪ್ ಲೈನಿನಲ್ಲಿ ಎರಡು ಗಂಟೆ ಕೂರಲಿ.

— ಸೀಸನ್ ಪಾಸಿನ ಒಬ್ಬ ಪ್ರಯಾಣಿಕ